ಶಿಸ್ಟ್, ಸ್ಕಿಝೋಫ್ರೇನಿಯಾ, ಶೆಡ್ಯೂಲ್: ಮೂರಕ್ಕೂ ಒಂದೇ ಬೇರಾ?

ಕೋಟೆಮಗ್ಗುಲು
ದುರ್ಗದವರಲ್ಲಿ ಯಾರಿಗಾದರೂ ಗೊತ್ತಿದ್ದರೆ ಹೇಳಿ. ಮಗಳ ನೋಟ್ಸಿನಲ್ಲಿ ‘ಚಿತ್ರದುರ್ಗ ಶಿಸ್ಟ್ ಬೆಲ್ಟ್’ ಅಂತ ಇದೆ. ನಮ್ಮೂರ ಹೆಸರು ನೋಡಿ ಖುಷಿಯಾಯಿತು, ಆದರೆ ಈ ಶಿಸ್ಟ್ ಅನ್ನುವ ಕಲ್ಲು ಹೇಗಿರುತ್ತದೆ ಅಂತ ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ಇನ್ನೊಂದು ಡೌಟು. ಇಂಗ್ಲಿಷ್ ಸ್ಪೆಲ್ಲಿಂಗ್ ಶುರುವಾಗುವುದು ಎಸ್, ಸಿ, ಎಚ್‌ನಿಂದ. ಸ್ಕಿಝೋಫ್ರೇನಿಯಾಗೂ ಅದೇ ಮೂರು ಅಕ್ಷರ. ಒಂದಕ್ಕೆ ‘ಶಿ’, ಇನ್ನೊಂದಕ್ಕೆ ‘ಸ್ಕಿ’ ಯಾಕೆ? ಕಲ್ಲಿಗೂ ಕಾಯಿಲೆಗೂ ಏನಾದರೂ ನಂಟಿದೆಯಾ? ನಮ್ಮ ಯಜಮಾನರು ‘ಶಿಸ್ತಾಗಿ ಪದರ ಪದರ ಕೂತಿರುವ ಕಲ್ಲು, ಅದಕ್ಕೇ ಶಿಸ್ಟ್’ ಅಂತ ತೀರ್ಪು ಕೊಟ್ಟುಬಿಟ್ಟಿದ್ದಾರೆ. ನಂಬಬಹುದಾ?

ಮಂಡಕ್ಕಿಮಿರ್ಚಿ
ಅಕ್ಕಾ, ಯಜಮಾನರು ಶಿವಮೊಗ್ಗ ಕಡೆಯವರಾ? ಅಲ್ಲಿ ಶಿಸ್ತು ಅಂದರೆ ಕೆಳದಿ ಶಿವಪ್ಪ ನಾಯಕ ಹಾಕಿದ ಭೂಕಂದಾಯ. ಪಾಪ, ಕಲ್ಲನ್ನೂ ಬಿಟ್ಟಿರಲಿಕ್ಕಿಲ್ಲ.

ಭೂಗರ್ಭಮೇಷ್ಟ್ರು
ಶಿಸ್ತಿಗೂ ಇದಕ್ಕೂ ಸಂಬಂಧ ಇಲ್ಲಮ್ಮ. ಪದ ಗ್ರೀಕಿನದು. ‘ಸ್ಖಿಜೈನ್’ ಅಂದರೆ ಸೀಳುವುದು. ಅದರಿಂದ ‘ಸ್ಖಿಸ್ತೋಸ್’, ಅಂದರೆ ಸೀಳಿದ, ಸೀಳಲು ಬರುವ. ರೋಮಿನ ಪ್ಲಿನಿ ತನ್ನ ‘ನ್ಯಾಚುರಲ್ ಹಿಸ್ಟರಿ’ಯಲ್ಲಿ ಈ ಹೆಸರನ್ನು ಒಂದು ಕಲ್ಲಿಗೆ ಕೊಡುತ್ತಾನೆ. ಆದರೆ ಅವನು ಹೇಳುವುದು ಹೆಮಟೈಟ್ ಅನ್ನುವ ಕಬ್ಬಿಣದ ಅದಿರಿನ ಬಳಗದ ಕಲ್ಲು, ಇವತ್ತಿನ ಶಿಸ್ಟ್ ಅಲ್ಲ. ಹೆಸರು ಉಳಿಯಿತು, ಕಲ್ಲು ಬದಲಾಯಿತು. ಲ್ಯಾಟಿನ್‌ನಿಂದ ಫ್ರೆಂಚಿಗೆ, 18ನೇ ಶತಮಾನದ ಕೊನೆಯ ಹೊತ್ತಿಗೆ ಫ್ರೆಂಚಿನಿಂದ ಇಂಗ್ಲಿಷಿಗೆ ಬಂತು. ಫ್ರೆಂಚರು ಅದನ್ನು ‘ಶೀಸ್ತ್’ ಅನ್ನುತ್ತಾರೆ. ನಿಮ್ಮ ‘ಶಿ’ ಬಂದದ್ದು ಅಲ್ಲಿಂದ.

ಇನ್ನು ಕಲ್ಲು. ಕೆಸರೋ ಲಾವಾವೋ ನೆಲದೊಳಗೆ ಕಿಲೋಮೀಟರುಗಟ್ಟಲೆ ಆಳಕ್ಕೆ ಹೂತುಹೋಗಿ, ಬಿಸಿಗೂ ಒತ್ತಡಕ್ಕೂ ಸಿಕ್ಕಿದಾಗ ಅದರಲ್ಲಿ ಹೊಸ ಖನಿಜ ಬೆಳೆಯುತ್ತವೆ. ಅಭ್ರಕ, ಕ್ಲೋರೈಟ್ ಇಂಥವು ಚಪ್ಪಟೆ ಹಾಳೆಯ ಹಾಗೆ ಬೆಳೆಯುವಂಥವು. ಒತ್ತಡ ಬರುವ ದಿಕ್ಕಿಗೆ ಅಡ್ಡಲಾಗಿ ಅವೆಲ್ಲ ಮಲಗಿಬಿಡುತ್ತವೆ. ಹಾಗಾಗಿ ಕಲ್ಲು ಆ ದಿಕ್ಕಿನಲ್ಲೇ ಬಿಡಿಸಿಕೊಳ್ಳುತ್ತದೆ, ಚಿರೋಟಿ ಬಿಟ್ಟುಕೊಂಡ ಹಾಗೆ. ಗುಡ್ಡದ ಬದಿಯಲ್ಲಿ ರಸ್ತೆಗಾಗಿ ಮಣ್ಣು ಕಡಿದಿರುವ ಕಡೆ ಒಂದು ತುಂಡು ಎತ್ತಿಕೊಂಡು ಅಂಚಿಗೆ ಉಗುರು ಹಾಕಿ ಮೀಟಿ. ತೆಳು ಚಕ್ಕೆ ಎದ್ದು ಬರುತ್ತದೆ. ಬಿಸಿಲಿಗೆ ತಿರುಗಿಸಿದರೆ ಮಿನುಗುತ್ತದೆ, ಬೆರಳಿಗೆ ಅಂಟಿದ ಪುಡಿಯೂ ಮಿನುಗುತ್ತದೆ. ಚಿಕ್ಕವರಿದ್ದಾಗ ಕಾಗೆಬಂಗಾರ ಅಂತ ಜೇಬಿಗೆ ತುಂಬಿಕೊಳ್ಳುತ್ತಿದ್ದೆವಲ್ಲ, ಅದೇ.

ಹೊಳಲ್ಕೆರೆಹೈದ
ಕಾಗೆಬಂಗಾರ! ಯೂನಿಫಾರಂ ಜೇಬು ತೂತು ಮಾಡಿಕೊಂಡು ಅಮ್ಮನ ಕೈಲಿ ಬೈಸಿಕೊಂಡಿದ್ದೇ ಬೈಸಿಕೊಂಡಿದ್ದು.

ಹಳೇಪೇಟೆ
ಮೇಷ್ಟ್ರೇ, ಒಂದು ಮಾತು. ಗ್ರೀಕಿನಲ್ಲಿ ಸ್ಖಿ, ಕನ್ನಡದಲ್ಲಿ ಸೀ. ಅರ್ಥವೂ ಒಂದೇ. ಸೀಳು! ಇದು ಕನ್ನಡದಿಂದಲೇ ಅಲ್ಲಿಗೆ ಹೋಗಿರಬೇಕು ಅಂತ ಯಾರೂ ಯಾಕೆ ಹೇಳುವುದಿಲ್ಲ? ಈಜಿಪ್ಟಿನಲ್ಲಿ ಸಿಕ್ಕ ಗ್ರೀಕ್ ಪ್ರಹಸನದಲ್ಲಿ ಕನ್ನಡ ಮಾತು ಇದೆ ಅಂತ ಎಲ್ಲರಿಗೂ ಗೊತ್ತು. ನಮ್ಮ ಚಂದ್ರವಳ್ಳಿಯಲ್ಲೇ ರೋಮನ್ ನಾಣ್ಯ ಸಿಕ್ಕಿವೆ. ಬಂದು ಹೋಗಿ ಮಾಡುತ್ತಿದ್ದವರು ನಾಣ್ಯ ಮಾತ್ರ ಬಿಟ್ಟು ಹೋದರಾ, ಮಾತು ತಗೊಂಡು ಹೋಗಲಿಲ್ಲವಾ?

ಮಂಡಕ್ಕಿಮಿರ್ಚಿ
ಬಂದ್ರು ಬಂದ್ರು.

ಸಂಧಿಸಮಾಸ
ಹಳೇಪೇಟೆಯವರೇ, ಚಂದ್ರವಳ್ಳಿಯ ನಾಣ್ಯ ನಿಜ. 1947ರಲ್ಲಿ ಪುರಾತತ್ವಜ್ಞ ವೀಲರ್ ಅಲ್ಲಿ ಅಗೆಸಿದಾಗಲೂ ಸಿಕ್ಕಿವೆ. ಪ್ರಹಸನದ ವಿಷಯವೂ ಪೂರ್ತಿ ಗಾಳಿಮಾತಲ್ಲ. ಈಜಿಪ್ಟಿನ ಆಕ್ಸಿರಿಂಕಸ್‌ನಲ್ಲಿ ಸಿಕ್ಕ ಆ ಪಪೈರಸ್ ಹಾಳೆಯಲ್ಲಿ ‘ಇಂಡಿಯನ್ನರು’ ಆಡುವ ಮಾತು ಕನ್ನಡ ಅಂತ 1904ರಲ್ಲಿ ಜರ್ಮನಿಯ ಶಾಸನತಜ್ಞ ಹುಲ್ಟ್ಶ್ ವಾದಿಸಿದ. ನಮ್ಮ ಶಾಮಶಾಸ್ತ್ರಿಗಳು, ಗೋವಿಂದ ಪೈ ಅದನ್ನು ಮುಂದುವರಿಸಿದರು. ಒಪ್ಪದವರೂ ಇದ್ದಾರೆ, ವಾದ ಮುಗಿದಿಲ್ಲ. ಆದರೆ ಆ ಪಪೈರಸ್ ಕ್ರಿಸ್ತಶಕದ್ದು. ‘ಸ್ಖಿಜೈನ್’ ಅದಕ್ಕಿಂತ ಎಷ್ಟೋ ಶತಮಾನ ಮೊದಲೇ ಗ್ರೀಕಿನಲ್ಲಿ ಇತ್ತು. ವ್ಯಾಪಾರಕ್ಕೆ ಬಂದವನು ಮೆಣಸಿಗೋ ಅಕ್ಕಿಗೋ ಹೆಸರು ಕೇಳಿಕೊಂಡು ಹೋಗಬಹುದು. ‘ಸೀಳು’ ಅನ್ನುವ ದಿನಬಳಕೆಯ ಕ್ರಿಯಾಪದಕ್ಕೆ ಕಡಲು ದಾಟಿ ಬರಬೇಕಾ?

ಎರಡನೆಯದು. ನಮ್ಮ ಸೀಳು ದ್ರಾವಿಡ ಪದ. ತೆಲುಗಿನಲ್ಲಿ ಚೀಲು ಇದೆ ನೋಡಿ. ಅದರ ಮೂಲದಲ್ಲಿ ‘ಸ್ಕ್’ ಅನ್ನುವ ಒತ್ತಕ್ಷರವೇ ಇಲ್ಲ. ದನಿ ಹತ್ತಿರ ಕೇಳಿಸಿದ ಮಾತ್ರಕ್ಕೆ ನಂಟಸ್ತಿಕೆ ಹೇಳಲು ಬರುವುದಿಲ್ಲ.

ಆದರೆ ನಿಮಗೆ ಬೇಕಾದ ನಂಟು ಬೇರೆ ಕಡೆ ಇದೆ. ಸಂಸ್ಕೃತದ ‘ಛಿದ್’ ಧಾತು ಇದೆಯಲ್ಲ, ಅದು ‘ಸ್ಖಿಜೈನ್’ನ ಸ್ವಂತ ದಾಯಾದಿ. ಲ್ಯಾಟಿನ್‌ನಲ್ಲಿ ಅದೇ ‘ಸ್ಕಿಂಡೆರೆ’. ಮೂರಕ್ಕೂ ಅರ್ಥ ಸೀಳು, ಕತ್ತರಿಸು. ಛಿದ್ರ, ಛೇದ, ಪರಿಚ್ಛೇದ, ಅವಿಚ್ಛಿನ್ನ, ವಿಚ್ಛೇದನ ಎಲ್ಲ ಈ ಕುಟುಂಬ. ಭಿನ್ನರಾಶಿಯಲ್ಲಿ ಅಂಶದ ಕೆಳಗೆ ಬರೆಯುವ ‘ಛೇದ’ ಕೂಡ.

ಹಳೇಪೇಟೆ
ದನಿ ಹತ್ತಿರ ಇದ್ದರೆ ಸಾಲದು ಅಂತ ನನಗೆ ಹೇಳಿ, ಛಿದ್ ಮತ್ತು ಸ್ಖಿ ಒಂದೇ ಅಂತ ನೀವೇ ಹೇಳುತ್ತೀರಿ. ಇವೆರಡು ಹತ್ತಿರವೂ ಕೇಳಿಸುವುದಿಲ್ಲ. ಇದು ಯಾವ ನ್ಯಾಯ ಸ್ವಾಮಿ?

ಸಂಧಿಸಮಾಸ
ಒಳ್ಳೆ ಪ್ರಶ್ನೆ, ಬಿಡಬೇಡಿ. ಒಂದು ಜೋಡಿ ನೋಡಿ ಹೇಳುವುದಲ್ಲ, ಸಾಲು ನೋಡಿ ಹೇಳುವುದು. ಸಂಸ್ಕೃತದಲ್ಲಿ ‘ಛಾಯಾ’, ನೆರಳು. ಗ್ರೀಕಿನಲ್ಲಿ ನೆರಳಿಗೆ ‘ಸ್ಕಿಯಾ’. ಇಲ್ಲಿಯೂ ಛ ಇದ್ದ ಜಾಗದಲ್ಲಿ ಅಲ್ಲಿ ಸ್ಕ. ಈ ಥರ ಒಂದು ದನಿಯ ಎದುರಿಗೆ ಇನ್ನೊಂದು ದನಿ ನಿಯಮವಾಗಿ ಬರುತ್ತಾ ಹೋದರೆ, ಅರ್ಥವೂ ಹೊಂದಿದರೆ, ಆಗ ನೆಂಟರು ಅನ್ನುತ್ತೇವೆ. ದಾಯಾದಿಗಳು ನೋಡಲು ಒಂದೇ ಥರ ಇರಬೇಕಿಲ್ಲ. ನಿಮ್ಮ ಸೀಳಿಗೆ ಇಂಥ ಸಾಲು ಹಿಡಿದುಕೊಂಡು ಬನ್ನಿ, ನಾನೇ ಚಪ್ಪಾಳೆ ಹೊಡೆಯುತ್ತೇನೆ.

ಇನ್ನೊಂದು ಸುಮ್ನೆ ಹೇಳಿಬಿಡುತ್ತೇನೆ. ಇಂಗ್ಲಿಷಿನ ಸ್ಕ್ವಿರಲ್, ನಮ್ಮ ಅಳಿಲು, ಅದು ಗ್ರೀಕಿನ ‘ಸ್ಕಿಯೂರೋಸ್’ನಿಂದ ಬಂದದ್ದು. ಸ್ಕಿಯಾ ಅಂದರೆ ನೆರಳು, ಊರಾ ಅಂದರೆ ಬಾಲ. ತನ್ನ ಬಾಲದ ನೆರಳಲ್ಲಿ ತಾನೇ ಕೂರುವುದು ಅಂತ ಹಳಬರ ವಿವರಣೆ.

ಮಂಡಕ್ಕಿಮಿರ್ಚಿ
ಅಂದರೆ ವಿವಾಹ ವಿಚ್ಛೇದನಕ್ಕೂ ಚಿತ್ರದುರ್ಗದ ಕಲ್ಲಿಗೂ ನಂಟು ಇದೆ ಅಂತಾಯಿತು. ನಮ್ಮ ಚಿಕ್ಕಪ್ಪ ಅಲ್ಲಿಂದ ಹೆಣ್ಣು ತಂದಾಗಲೇ ಯಾರಾದರೂ ಹೇಳಬಾರದಿತ್ತಾ.

ವೇದಾವತಿ
ಏನ್ರೀ ಅದು, ದುರ್ಗದ ಹೆಣ್ಣುಮಕ್ಕಳ ಸುದ್ದಿಗೆ ಬರಬೇಡಿ. ಒನಕೆ ಇನ್ನೂ ಮನೆಯಲ್ಲಿ ಇದೆ.

ಹೊಳಲ್ಕೆರೆಹೈದ
😂😂 ಮಿರ್ಚಿ ಔಟ್.
ಸಂಧಿ ಸರ್, ಹಾಗಾದರೆ ಸ್ಕೂಲ್, ಸ್ಕೀಮ್ ಇವಕ್ಕೂ ಎಸ್ ಸಿ ಎಚ್ ಇದೆಯಲ್ಲ? ಸಿಸರ್ಸ್ ಅಂತೂ ಕತ್ತರಿಸುವುದಕ್ಕೇ ಇರುವುದು. ಇವೂ ಸೀಳುವ ಗ್ಯಾಂಗಾ?

ಸಂಧಿಸಮಾಸ
ಮೂರೂ ಅಲ್ಲ. ಸ್ಕೂಲ್ ಬಂದದ್ದು ಗ್ರೀಕಿನ ‘ಸ್ಖೊಲೆ’ಯಿಂದ. ಅರ್ಥ ಬಿಡುವು, ವಿರಾಮ. (ಹೌದು, ಬಿಡುವು. ಟ್ಯೂಷನ್ ಹೋಗುವ ಮಕ್ಕಳಿಗೆ ಹೇಳಬೇಡಿ.) ಸ್ಕೀಮ್ ಬಂದದ್ದು ‘ಸ್ಖೇಮಾ’ದಿಂದ, ಅಂದರೆ ಆಕಾರ. ಸಿಸರ್ಸ್ ಇನ್ನೂ ಮಜಾ. ಅದರ ಬೇರು ಲ್ಯಾಟಿನ್ನಿನ ಬೇರೆಯೇ ಕ್ರಿಯಾಪದ, ‘ಕೇಡೆರೆ’. ಮೊದಲು ಸಿ ಅಕ್ಷರದಿಂದಲೇ ಶುರುವಾಗುತ್ತಿತ್ತು. ‘ಸ್ಕಿಂಡೆರೆ’ಗೂ ಇದಕ್ಕೂ ಸಂಬಂಧ ಇರಬೇಕು ಅಂದುಕೊಂಡ ಪಂಡಿತರು ಮುಂದೆ ಒಂದು ಎಸ್ ಅಂಟಿಸಿದರು. ಹಳೇಪೇಟೆಯವರಂಥವರು ಇಂಗ್ಲೆಂಡಿನಲ್ಲೂ ಇದ್ದರು ಅಂತಾಯಿತು.

ಹಳೇಪೇಟೆ
ಗೆದ್ದವರು ಅವರೇ ತಾನೇ. ಎಸ್ ಇನ್ನೂ ಅಲ್ಲೇ ಇದೆ.

ಟಿಕೆಟ್‌ಟಿಕೆಟ್
ನಾನು ಕಂಡಕ್ಟರ್. ಗ್ರೀಕ್ ಗೀಕ್ ಗೊತ್ತಿಲ್ಲ. ಆದರೆ ಎಸ್ ಸಿ ಎಚ್ ಅಂದ ಕೂಡಲೇ ನನಗೆ ಕಂಡದ್ದು ಡಿಪೋ ಗೋಡೆಯ ಮೇಲಿನ ಶೆಡ್ಯೂಲ್ ಪಟ್ಟಿ. ನಮ್ಮಲ್ಲಿ ಯಾರನ್ನು ಕೇಳಿದರೂ ‘ಇವತ್ತು ಯಾವ ಶೆಡ್ಯೂಲು’ ಅಂತಲೇ ಮಾತು. ಮೊನ್ನೆ ಅಮೆರಿಕದಿಂದ ಬಂದ ಪ್ಯಾಸೆಂಜರ್ ಒಬ್ಬ ‘ಸ್ಕೆಡ್ಯೂಲ್’ ಅಂದ. ನಾನು ನಕ್ಕೆ, ಅವನೂ ನಕ್ಕ. ಯಾರು ಸರಿ?

ಸಂಧಿಸಮಾಸ
ಅಣ್ಣ, ಈ ಥ್ರೆಡ್ಡಿಗೆ ಬೇಕಿದ್ದ ಪದ ನೀವು ತಂದಿರಿ. ಶೆಡ್ಯೂಲ್ ಇದೇ ಗ್ಯಾಂಗಿನದು!

ಮೇಲೆ ಪಪೈರಸ್ ಮಾತು ಬಂತಲ್ಲ. ಆ ಕಾಗದ ಮಾಡುತ್ತಿದ್ದದ್ದು ನೈಲ್ ನದಿಯ ಜೊಂಡಿನಿಂದ. ದಂಟಿನ ಒಳಗಿನ ತಿರುಳನ್ನು ಉದ್ದುದ್ದ ಪಟ್ಟಿಯಾಗಿ ಸೀಳಿ, ಅಡ್ಡ ಒಂದು ಸಾಲು ಉದ್ದ ಒಂದು ಸಾಲು ಹಾಸಿ, ಒತ್ತಿ ಒಣಗಿಸುತ್ತಿದ್ದರು. ಆ ಸೀಳಿದ ಪಟ್ಟಿಗೆ ಲ್ಯಾಟಿನ್‌ನಲ್ಲಿ ‘ಸ್ಕೇಡಾ’. ಅದು ಗ್ರೀಕಿನ ಸೀಳಿಗೆ ಸೇರಿದ್ದು. ಚಿಕ್ಕ ಪಟ್ಟಿಗೆ ‘ಸ್ಕೇಡುಲಾ’. ಅದು ಫ್ರೆಂಚಿನ ಮೂಲಕ ಚೀಟಿ ಅನ್ನುವ ಅರ್ಥದಲ್ಲಿ ಇಂಗ್ಲಿಷಿಗೆ ಬಂತು. ಆಮೇಲೆ ಕಾನೂನು ಪತ್ರಕ್ಕೆ ಅಂಟಿಸುವ ಚೀಟಿ, ಆಮೇಲೆ ಪಟ್ಟಿ, ಆಮೇಲೆ ವೇಳಾಪಟ್ಟಿ. ಸಂವಿಧಾನದ ಎಂಟನೇ ಶೆಡ್ಯೂಲಿನಲ್ಲಿ ಕನ್ನಡ ಇದೆ ಅನ್ನುತ್ತೇವಲ್ಲ, ಅಲ್ಲೂ ಅದೇ ಚೀಟಿ.

ಉಚ್ಚಾರಕ್ಕೆ ಬಂದರೆ, ಮೊದಲು ಇಂಗ್ಲಿಷರು ಅದನ್ನು ‘ಸೆಡ್ಯೂಲ್’ ಅನ್ನುತ್ತಿದ್ದರು. ಗ್ರೀಕ್ ಲ್ಯಾಟಿನ್ ನೋಡಿ ಸ್ಪೆಲ್ಲಿಂಗ್ ಬದಲಾಯಿಸಿದ ಮೇಲೆ ಬ್ರಿಟನ್ನಿನಲ್ಲಿ ‘ಶೆ’ ಆಯಿತು. ಅಮೆರಿಕದಲ್ಲಿ ನೋವಾ ವೆಬ್‌ಸ್ಟರ್ ಗ್ರೀಕಿನ ಹಾಗೆ ‘ಸ್ಕೆ’ ಅನ್ನಿ ಅಂದ. ಎರಡೂ ಸರಿ.

ಟಿಕೆಟ್‌ಟಿಕೆಟ್
ಅಂದರೆ ನಾನು ದಿನಾ ಹೋಗುವುದು ಚೀಟಿ ಮೇಲೆ, ಕೊಡುವುದೂ ಚೀಟಿ. ಸರಿ ಬಿಡಿ. ಹೊಳಲ್ಕೆರೆ ಬಸ್ಸು ಲೇಟು ಅಂತ ಬೈಯುವವರಿಗೆ ಇನ್ನು ಮೇಲೆ ಪಪೈರಸ್ ಕಥೆ ಹೇಳುತ್ತೇನೆ.

ಹೊಳಲ್ಕೆರೆಹೈದ
ಕಥೆ ಬೇಡ ಅಣ್ಣ, ಸಂಜೆ ಇನ್ನೊಂದು ಬಸ್ ಬಿಡಿಸಿ.

ವಾರ್ಡ್‌ಡ್ಯೂಟಿ
ದಾವಣಗೆರೆಯಿಂದ. ಮನೋರೋಗ ವಿಭಾಗದಲ್ಲಿ ಕೆಲಸ. ಎರಡನೇ ಪ್ರಶ್ನೆಗೆ ಯಾರೂ ಕೈ ಹಾಕಿಲ್ಲ ಅಂತ ಬರೆಯುತ್ತಿದ್ದೇನೆ.

ಸ್ಕಿಝೋಫ್ರೇನಿಯಾ ಹಳೇ ಗ್ರೀಕ್ ಪದವೇ ಅಲ್ಲ. ಗ್ರೀಕರಿಗೆ ಈ ಪದ ಗೊತ್ತಿರಲಿಲ್ಲ. 1908ರಲ್ಲಿ ಸ್ವಿಟ್ಜರ್ಲೆಂಡಿನ ಡಾಕ್ಟರ್ ಯೂಜೆನ್ ಬ್ಲಾಯ್ಲರ್ ಎರಡು ಗ್ರೀಕ್ ತುಂಡು ಜೋಡಿಸಿ ಮಾಡಿದ್ದು. ‘ಸ್ಖಿಜೈನ್’ ಮತ್ತು ‘ಫ್ರೇನ್’. ಫ್ರೇನ್ ಅಂದರೆ ಮನಸ್ಸು. ಅದಕ್ಕೂ ಮೊದಲು ಅದರ ಅರ್ಥ ಎದೆಗೂ ಹೊಟ್ಟೆಗೂ ನಡುವೆ ಇರುವ ವಪೆ. ಹೋಮರನ ಕಾಲದವರು ಮನಸ್ಸು ಇರುವುದು ಅಲ್ಲೇ ಸುತ್ತಮುತ್ತ ಅಂದುಕೊಂಡಿದ್ದರು. ಇವತ್ತಿಗೂ ವಪೆಗೆ ಹೋಗುವ ನರವನ್ನು ನಾವು ಫ್ರೆನಿಕ್ ನರ ಅನ್ನುತ್ತೇವೆ. ಪದ ಹೊಸದಾಗಿ, ನೇರವಾಗಿ ಗ್ರೀಕಿನಿಂದ ಕಟ್ಟಿದ್ದರಿಂದ ಇಂಗ್ಲಿಷಿನಲ್ಲಿ ‘ಸ್ಕಿ’ ಅಂತ ಓದಿದರು. ಕಲ್ಲಿನ ಹಾಗೆ ಫ್ರೆಂಚರ ಬಾಯಿ ದಾಟಿ ಬರಲಿಲ್ಲ.

ಬ್ಲಾಯ್ಲರ್‌ಗಿಂತ ಮೊದಲು ಈ ಕಾಯಿಲೆಗೆ ಜರ್ಮನಿಯ ಮನೋವೈದ್ಯ ಕ್ರೇಪೆಲಿನ್ ಬಳಕೆಗೆ ತಂದ ಹೆಸರು ‘ಡಿಮೆನ್ಷಿಯಾ ಪ್ರೀಕಾಕ್ಸ್’. ಹೆಚ್ಚುಕಡಿಮೆ, ಎಳೆ ವಯಸ್ಸಿನಲ್ಲೇ ಬರುವ ಅರಳುಮರುಳು ಅಂತ. ಎಲ್ಲ ರೋಗಿಗಳೂ ಹಾಗೆ ಕುಸಿಯುವುದಿಲ್ಲ, ಎಲ್ಲರಿಗೂ ಎಳೆ ವಯಸ್ಸಿನಲ್ಲೇ ಬರುವುದೂ ಇಲ್ಲ ಅಂತ ಬ್ಲಾಯ್ಲರ್ ಹೆಸರು ಬದಲಾಯಿಸಿದ. ಅವನ ಮಾತಿನ ಸೀಳು ಅಂದರೆ ಯೋಚನೆ, ಭಾವನೆ, ನಡವಳಿಕೆ ಒಂದಕ್ಕೊಂದು ಹೊಂದಿಕೆ ತಪ್ಪುವುದು. ದುಃಖದ ಸುದ್ದಿ ಹೇಳುತ್ತಾ ನಗುವುದು ಇಂಥದ್ದು.

ಒಬ್ಬರೊಳಗೆ ಇಬ್ಬರು ಇರುವುದು, ರಾತ್ರಿಯಾದರೆ ಬೇರೆ ಹೆಸರಿನಲ್ಲಿ ಕುಣಿಯುವುದು, ಇದು ಸ್ಕಿಝೋಫ್ರೇನಿಯಾ ಅಲ್ಲ. ಆ ಥರದ್ದಕ್ಕೆ ಬೇರೆ ರೋಗನಾಮವೇ ಇದೆ. ಸಿನಿಮಾದವರು ಎರಡನ್ನೂ ಕಲಸಿ ಇಟ್ಟಿದ್ದಾರೆ. ದಿನಾ ಓಪಿಡಿಯಲ್ಲಿ ಇದನ್ನು ಬಿಡಿಸಿ ಹೇಳುವುದೇ ನನಗೆ ಅರ್ಧ ಕೆಲಸ.

ತಂಗಿಗೊಬ್ಬಅಣ್ಣ
ಡಾಕ್ಟ್ರೇ, ಈ ಕೊನೆಯ ಮಾತು ದಪ್ಪ ಅಕ್ಷರದಲ್ಲಿ ಬರೆಯಿರಿ. ನನ್ನ ತಂಗಿಗೆ ಈ ಕಾಯಿಲೆ. ಮದುವೆ, ಮುಂಜಿ ಎಲ್ಲಿ ಹೋದರೂ ‘ಎರಡು ವ್ಯಕ್ತಿ ಇರ್ತಾರಂತಲ್ಲ’ ಅಂತ ಯಾರಾದರೂ ಕೇಳಿಯೇ ಕೇಳುತ್ತಾರೆ. ಇದನ್ನು ಹೇಳಿದವರಲ್ಲಿ ಓದಿದವರೇ ಜಾಸ್ತಿ. ಹೆಸರಿನಲ್ಲೇ ಸೀಳು ಇದ್ದರೆ ಜನ ಇನ್ನೇನು ತಿಳಿದಾರು? ಅವಳು ಮಾತ್ರೆ ತಗೊಂಡು ಟೈಲರಿಂಗ್ ಮಾಡುತ್ತಾಳೆ. ಈ ಸಲದ ಹಬ್ಬಕ್ಕೆ ಬಂದ ಬ್ಲೌಸುಗಳನ್ನು ಒಬ್ಬಳೇ ಹೊಲಿದು ಕೊಟ್ಟಳು.

ವಾರ್ಡ್‌ಡ್ಯೂಟಿ
ಅಣ್ಣ, ತಂಗಿಯ ವಿಷಯ ಕೇಳಿ ಖುಷಿಯಾಯಿತು. ಮಾತ್ರೆ ತಪ್ಪಿಸಬೇಡಿ, ‘ಈಗ ಚೆನ್ನಾಗಿದ್ದಾಳಲ್ಲ’ ಅಂತ ಯಾರೇ ಹೇಳಿದರೂ.

ಹೆಸರಿನ ಬಗ್ಗೆ ನೀವು ಹೇಳಿದ್ದನ್ನೇ ಜಪಾನಿನ ರೋಗಿಗಳ ಮನೆಯವರೂ ಹೇಳಿದರು. ಅಲ್ಲಿ ಈ ಕಾಯಿಲೆಗೆ ಇದ್ದ ಹೆಸರು ಗ್ರೀಕಿನ ನೇರ ಅನುವಾದ, ‘ಮನಸ್ಸು ಸೀಳಿದ ರೋಗ’. ಅವರು ಒತ್ತಾಯ ಮಾಡಿ ಮಾಡಿ 2002ರಲ್ಲಿ ಹೆಸರು ಬದಲಾಯಿತು. ಹೊಸ ಹೆಸರಿನ ಅರ್ಥ ‘ಹೊಂದಾಣಿಕೆ ತಪ್ಪಿದ ಸ್ಥಿತಿ’ ಅನ್ನುವ ಹಾಗೆ. ಕನ್ನಡದಲ್ಲಿ ಛಿನ್ನಮನಸ್ಕತೆ ಅಂತಲೂ ಬರೆಯುತ್ತಾರೆ, ಚಿತ್ತವಿಕಲತೆ ಅಂತಲೂ ಬರೆಯುತ್ತಾರೆ. ನಾನು ಎರಡನೆಯದನ್ನೇ ಬಳಸುತ್ತೇನೆ. ಛಿನ್ನ ಅಂದ ಕೂಡಲೇ ಮನೆಯವರ ಮುಖ ಬಾಡುತ್ತದೆ.

ಕೋಟೆಮಗ್ಗುಲು
ಒಂದು ಸ್ಪೆಲ್ಲಿಂಗ್ ಕೇಳಿದ್ದಕ್ಕೆ ಎಲ್ಲಿಂದ ಎಲ್ಲಿಗೆ ಬಂತು. ಅಣ್ಣ, ನಿಮ್ಮ ತಂಗಿ ಎಲ್ಲಿ ಹೊಲಿಯುತ್ತಾರೆ ಅಂತ ನನಗೆ ಬೇರೆಯಾಗಿ ಮೆಸೇಜ್ ಮಾಡಿ. ನನಗೂ ಮಗಳಿಗೂ ಹೊಲಿಸುವುದಿದೆ.

ಮಂಡಕ್ಕಿಮಿರ್ಚಿ
ಡಾಕ್ಟ್ರೇ, ನಿಮ್ಮ ಕಡೆ ಈ ‘ಸ್ಕಿ’ ಇನ್ನೂ ಎಲ್ಲೆಲ್ಲಿ ಇದೆ?

ವಾರ್ಡ್‌ಡ್ಯೂಟಿ
ಮಲೇರಿಯಾ ಸ್ಲೈಡಿನಲ್ಲಿ ‘ಸ್ಕಿಝಾಂಟ್’. ಪರಾವಲಂಬಿ ಜೀವಿ ರಕ್ತಕಣದೊಳಗೆ ಕೂತು ಒಂದರಿಂದ ಹತ್ತಾರು ಆಗಿ ಸೀಳಿಕೊಳ್ಳುವ ಹಂತ. ಅದು ಮುಗಿದು ಕಣ ಒಡೆದಾಗಲೇ ಚಳಿ ಹತ್ತಿ ನಡುಗುವುದು. ಆಮೇಲೆ ‘ಶಿಸ್ಟೊಸೋಮಾ’ ಅನ್ನುವ ಹುಳ, ಆಫ್ರಿಕಾದಲ್ಲಿ ಜಾಸ್ತಿ. ಸೋಮಾ ಅಂದರೆ ದೇಹ. ಗಂಡು ಹುಳದ ಮೈ ಉದ್ದಕ್ಕೂ ಸೀಳಿದ ಹಾಗೆ ಒಂದು ಕಾಲುವೆ, ಹೆಣ್ಣು ಅದರೊಳಗೇ ವಾಸ.

ಮಂಡಕ್ಕಿಮಿರ್ಚಿ
ವಿಚ್ಛೇದನದ ಬೇರಿನ ಹೆಸರಿಟ್ಟುಕೊಂಡು ಎಂಥ ಸಂಸಾರ ನೋಡಿ.

ಸಂಧಿಸಮಾಸ
ಇಂಗ್ಲಿಷಿನಲ್ಲಿ ಎಲ್ಲರ ಬಾಯಲ್ಲೂ ಇರುವ ಒಂದು ಬೈಗುಳವೂ ಇದೇ ಮನೆತನಕ್ಕೆ ದೂರದ ನೆಂಟ. ‘ದೇಹದಿಂದ ಬೇರೆಯಾದದ್ದು’ ಅಂತ ಅದರ ಮೂಲ. ಪದ ನಾನು ಬರೆಯುವುದಿಲ್ಲ, ಹೆಣ್ಣುಮಕ್ಕಳು, ಮಕ್ಕಳು ಓದುತ್ತಾರೆ.

ವೇದಾವತಿ
ಹೆಣ್ಣುಮಕ್ಕಳಿಗೆ ಗೊತ್ತಾಯಿತು ಸರ್.

ಹಳೇಪೇಟೆ
ಎಲ್ಲ ಬಿಡಿ. ನಮ್ಮ ಏಳುಸುತ್ತಿನ ಕೋಟೆ ಕಟ್ಟಿದ್ದು ಈ ಶಿಸ್ಟ್ ಕಲ್ಲಿನಿಂದಲೇ ಅಲ್ವಾ? ಅದಕ್ಕೇ ಬೆಲ್ಟಿಗೆ ಚಿತ್ರದುರ್ಗ ಅಂತ ಹೆಸರು.

ಭೂಗರ್ಭಮೇಷ್ಟ್ರು
ಖಂಡಿತ ಅಲ್ಲ. ಕೋಟೆ ಗುಡ್ಡ ಗ್ರಾನೈಟು. ಆ ಹೆಸರು ಗ್ರೀಕ್ ಕೂಡ ಅಲ್ಲ, ಲ್ಯಾಟಿನ್ನಿನ ‘ಗ್ರಾನಂ’, ಅಂದರೆ ಕಾಳು. ಹತ್ತಿರದಿಂದ ನೋಡಿದರೆ ಕಾಳು ಕಾಳಾಗಿಯೇ ಇದೆ. ಶಿಸ್ಟ್‌ನಿಂದ ಕೋಟೆ ಕಟ್ಟಿದ್ದರೆ ಹೈದರನಿಗೆ ಅಷ್ಟು ಕಷ್ಟವೇ ಇರುತ್ತಿರಲಿಲ್ಲ! ಜೋಗಿಮಟ್ಟಿ ಕಡೆಯ ಗುಡ್ಡಸಾಲು ಶಿಸ್ಟ್ ಬೆಲ್ಟಿನದು. ಅಲ್ಲಿಯೂ ಜಾಸ್ತಿ ಇರುವುದು ರೂಪ ಬದಲಾದ ಹಳೇ ಲಾವಾ.

ಇನ್ನೂ ಒಂದು. ಶಿಸ್ಟ್ ಬೆಲ್ಟ್ ಅಂದ ಮಾತ್ರಕ್ಕೆ ಒಳಗೆ ಇರುವುದೆಲ್ಲ ಶಿಸ್ಟ್ ಅಲ್ಲ. ಸುಣ್ಣದ ಕಲ್ಲಿದೆ, ಕಬ್ಬಿಣದ ಅದಿರಿದೆ, ಮ್ಯಾಂಗನೀಸ್ ಇದೆ. ತಾಳ್ಯದಲ್ಲಿ ಉಂಡೆಕಲ್ಲು ಸೇರಿ ಗಟ್ಟಿಯಾದ ಬಂಡೆ ಇದೆ, ಅದಕ್ಕೆ ತಾಳ್ಯ ಕಾಂಗ್ಲಾಮರೇಟ್ ಅಂತಲೇ ಹೆಸರು. ಬೇರೆ ದೇಶದವರು ಇಂಥದ್ದಕ್ಕೆ ಗ್ರೀನ್‌ಸ್ಟೋನ್ ಬೆಲ್ಟ್ ಅನ್ನುತ್ತಾರೆ. ನಮ್ಮಲ್ಲಿ ಶಿಸ್ಟ್ ಬೆಲ್ಟ್ ಅನ್ನುವುದು ಮೊದಲಿನಿಂದ ರೂಢಿ. ಗದಗದಿಂದ ಶ್ರೀರಂಗಪಟ್ಟಣದ ಕಡೆವರೆಗೆ ಸುಮಾರು 450 ಕಿಲೋಮೀಟರ್ ಇದೆ ಇದು. ನಮ್ಮ ದುರ್ಗ ನಡುವೆ ಬರುತ್ತದೆ ಅಷ್ಟೇ.

ಹೊಳಲ್ಕೆರೆಹೈದ
ತಾಳ್ಯ ನಮ್ಮ ತಾಲ್ಲೂಕು! ಜಾತ್ರೆಗೆ ಹೋಗಿದ್ದೆ, ಬಂಡೆ ಮೇಲೆ ಕೂತು ಮಂಡಕ್ಕಿ ತಿಂದಿದ್ದೆ. ಪುಸ್ತಕದಲ್ಲಿ ಬಂದಿದೆ ಅಂತ ಈಗ ಗೊತ್ತಾಯಿತು.

ಚಾಣಸುತ್ತಿಗೆ
ಮೇಷ್ಟ್ರು ಹೇಳಿದ್ದು ಸರಿ. ನಮ್ಮಪ್ಪ ಕಲ್ಲು ಕೆಲಸ ಮಾಡುತ್ತಿದ್ದರು. ಗ್ರಾನೈಟನ್ನು ಬಿಡಿಸಬೇಕಾದರೆ ಚಾಣದಲ್ಲಿ ಸಾಲಾಗಿ ಗುಳಿ ಹೊಡೆದು, ಗುಳಿಗೊಂದು ಬೆಣೆ ಇಟ್ಟು, ಈ ತುದಿಯಿಂದ ಆ ತುದಿಗೆ ಒಂದೊಂದಾಗಿ ಬಡಿಯುತ್ತಾ ಹೋಗಬೇಕು. ಮೊದಲು ಬರುವುದು ಟಣ್ ಟಣ್ ದನಿ. ಒಳಗೆ ಬಿರುಕು ಬಿಟ್ಟ ಕೂಡಲೇ ದನಿ ಮೊದ್ದು ಆಗುತ್ತದೆ. ಅಲ್ಲಿಗೆ ನಿಲ್ಲಿಸಬೇಕು, ಕಲ್ಲು ತಾನೇ ಬಾಯಿ ಬಿಡುತ್ತದೆ. ಕೋಟೆಗೆ ಹೋದಾಗ ಬಂಡೆ ಅಂಚಿನಲ್ಲಿ ಹಲ್ಲಿನ ಹಾಗೆ ಸಾಲು ಗುಳಿ ಕಂಡರೆ ನೋಡಿ, ಅದೇ ಬೆಣೆ ಗುಳಿ.

ಪದರಗಲ್ಲಿಗೆ ಇಷ್ಟೆಲ್ಲ ಬೇಡ. ಆದರೆ ಕಟ್ಟಡಕ್ಕೆ ಯಾರೂ ಒಪ್ಪುವುದಿಲ್ಲ, ನೀರು ಕುಡಿದು ಎದ್ದು ಬರುತ್ತದೆ.

ಸಂಧಿಸಮಾಸ
ಅಪರೂಪದ ವಿವರ, ಧನ್ಯವಾದ. ಆದರೆ ಎಲ್ಲ ಪದರಗಲ್ಲೂ ದಂಡ ಅಂತಲ್ಲ. ಬೇಲೂರು ಹಳೇಬೀಡಿನ ಗುಡಿಗಳ ಕಲ್ಲು ಕ್ಲೋರೈಟ್ ಶಿಸ್ಟ್ ಜಾತಿಯದು, ನಾವು ಬಳಪದ ಕಲ್ಲು ಅನ್ನುತ್ತೇವಲ್ಲ, ಅದು. ಮೆತ್ತಗಿರುವುದರಿಂದಲೇ ಮದನಿಕೆಯ ಬಳೆ ಕೂಡ ಬಿಡಿಸಿ ಕೆತ್ತಲು ಆಯಿತು. ಕ್ಲೋರೈಟ್ ಕೂಡ ಗ್ರೀಕ್, ‘ಖ್ಲೋರೋಸ್’ ಅಂದರೆ ಎಳೆ ಹಸಿರು. ಆಮೇಲೆ ಆ ಬಳಪದಿಂದ ಬರೆಯುತ್ತಿದ್ದ ಸ್ಲೇಟು? ಅದು ಹಳೇ ಫ್ರೆಂಚಿನ ಪದ, ಅರ್ಥ ಸಿಬಿರು, ಸೀಳಿದ ಚೂರು. ಬೇರೆ ಬೇರು, ಅದೇ ಅರ್ಥ. ಕಲ್ಲು ಕಂಡವರಿಗೆಲ್ಲ ಮೊದಲು ಕಂಡದ್ದು ಸೀಳೇ.

ವೇದಾವತಿ
ನಾನು ಹಿರಿಯೂರಿನವಳು. ಐಮಂಗಲದ ಹತ್ತಿರ ಮರಡಿಹಳ್ಳಿಯ ದಿಂಬುಗಲ್ಲು ಯಾರೂ ಹೇಳಲೇ ಇಲ್ಲ. ಅದೂ ಇದೇ ಬೆಲ್ಟ್ ತಾನೇ ಮೇಷ್ಟ್ರೇ?

ಭೂಗರ್ಭಮೇಷ್ಟ್ರು
ಅದೇ ಬೆಲ್ಟು ತಾಯಿ. ಲಾವಾ ನೀರಿನೊಳಗೆ ಉಕ್ಕಿದಾಗ ಮೇಲ್ಮೈ ತಕ್ಷಣ ಗಟ್ಟಿಯಾಗಿ ಒಳಗೆ ಬಿಸಿ ಉಳಿಯುತ್ತದೆ. ಹಿಂದಿನಿಂದ ಒತ್ತುವ ಲಾವಾ ಸಿಪ್ಪೆ ಒಡೆದು ಮುಂದಕ್ಕೆ ಇನ್ನೊಂದು ಉಂಡೆ ಉಬ್ಬಿಸುತ್ತದೆ. ಹಾಗೆ ಒಂದರ ಮೇಲೊಂದು ಪೇರಿಸಿದ ದಿಂಬುಗಳು. ಸುಮಾರು 250 ಕೋಟಿ ವರ್ಷ ಹಳೆಯದು. ಅಂದರೆ ಹಿರಿಯೂರು ದಾರಿಯ ಆ ಒಣ ಗುಡ್ಡ ಒಂದು ಕಾಲಕ್ಕೆ ನೀರಿನಡಿ ಇತ್ತು. 1976ರಲ್ಲಿ ಅದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಅಂತ ಘೋಷಿಸಿದ್ದಾರೆ.

ವೇದಾವತಿ
ನೀರು ಅಂದರೆ ನೆನಪಾಯಿತು. ನಮ್ಮ ಮಾರಿಕಣಿವೆ ಡ್ಯಾಮು 1933ರ ಮೇಲೆ 2022ರಲ್ಲಿ ಕೋಡಿ ಬಿತ್ತಲ್ಲ, ನಮ್ಮಜ್ಜಿ ಗಂಗೆಪೂಜೆ ಮಾಡಲೇಬೇಕು ಅಂತ ಹಟ ಹಿಡಿದು ಆಟೋದಲ್ಲಿ ಹೋದರು. ಜನ ಎಷ್ಟು ಅಂದರೆ, ನೀರಿಗಿಂತ ಬೈಕೇ ಜಾಸ್ತಿ ಕಂಡದ್ದು.

ಹಳೇಪೇಟೆ
ಇದಕ್ಕೆ ಉತ್ತರ ಹೇಳಿ ನೋಡೋಣ. ಇಂಗಳದಾಳ್‌ನಲ್ಲಿ ತಾಮ್ರದ ಗಣಿ ಇತ್ತು. ಅದಿರಿನ ಹೆಸರು ಚಾಲ್ಕೋಪೈರೈಟ್. ಪೈರ್ ಅಂದರೆ ಗ್ರೀಕಿನಲ್ಲಿ ಬೆಂಕಿ, ಇದು ನನಗೂ ಗೊತ್ತು. ಕನ್ನಡದಲ್ಲಿ ಇಂಗಳ ಅಂದರೆ ಕೆಂಡ. ಊರಿನ ಹೆಸರಲ್ಲೂ ಬೆಂಕಿ, ಅದಿರಿನ ಹೆಸರಲ್ಲೂ ಬೆಂಕಿ. ಇದೂ ಕಾಕತಾಳೀಯವಾ?

ಸಂಧಿಸಮಾಸ
ಈ ಸಲ ಪರವಾಗಿಲ್ಲ, ದನಿ ಬಿಟ್ಟು ಅರ್ಥ ಹಿಡಿದಿದ್ದೀರಿ! ‘ಖಾಲ್ಕೋಸ್’ ತಾಮ್ರ, ‘ಪೈರೈಟಿಸ್’ ಬೆಂಕಿಕಲ್ಲು. ಬಡಿದರೆ ಕಿಡಿ ಹಾರುತ್ತದೆ ಅಂತ ಆ ಹೆಸರು. ಇಂಗಳ ಕೆಂಡವೂ ಹೌದು. ಆದರೆ ಊರಿನ ಹೆಸರಿನ ಮೊದಲರ್ಧ ಆ ಇಂಗಳವೇ ಅಂತ ತೋರಿಸಲು ಹಳೇ ಶಾಸನದಲ್ಲಿ ಹೆಸರು ಹೇಗಿತ್ತು ನೋಡಬೇಕು. ಊರ ಹೆಸರುಗಳು ಬಾಯಿಂದ ಬಾಯಿಗೆ ತಿರುಗಿ ಸವೆದಿರುತ್ತವೆ. ದಾವಣಗೆರೆಯನ್ನೇ ತಗೊಳ್ಳಿ. ಒಬ್ಬರು ದನಗಳ ದಾವಣಿ ಕಟ್ಟುತ್ತಿದ್ದ ಕೆರೆ ಅನ್ನುತ್ತಾರೆ, ಇನ್ನೊಬ್ಬರು ದಣಿವು ಆರಿಸಿಕೊಂಡ ಕೆರೆ ಅನ್ನುತ್ತಾರೆ. ಇಬ್ಬರೂ ಆಣೆ ಮಾಡಿ ಹೇಳುತ್ತಾರೆ.

ಮಂಡಕ್ಕಿಮಿರ್ಚಿ
ದಾವಣಿಯೇ. ಬೇಕಾದರೆ ನಮ್ಮೂರಿಗೆ ಬನ್ನಿ, ದನ ಈಗಲೂ ರೋಡಿನ ಮಧ್ಯೆ ನಿಂತಿರುತ್ತವೆ.

ಹಳೇಪೇಟೆ
ಶಾಸನ ಹುಡುಕುತ್ತೇನೆ. ಸಿಕ್ಕರೆ ಇಲ್ಲೇ ಹಾಕುತ್ತೇನೆ, ಆಗ ಮಾತಾಡೋಣ.

ಕೋಟೆಮಗ್ಗುಲು
ಮಗಳ ಇನ್ನೊಂದು ಪ್ರಶ್ನೆ. ಅದೇ ಪುಟದಲ್ಲಿ ‘ಗ್ನೈಸ್’ ಅಂತ ಇದೆಯಂತೆ. ಅದೂ ಗ್ರೀಕಾ?

ಭೂಗರ್ಭಮೇಷ್ಟ್ರು
ಅಲ್ಲಮ್ಮ, ಜರ್ಮನ್. ಗಣಿ ಕೆಲಸದವರ ಬಾಯಿಂದ ಬಂದ ಪದ. ಉಚ್ಚಾರ ‘ನೈಸ್’, ಗ್ ಬಾಯಿ ಬಿಡುವುದಿಲ್ಲ. ಲಾಲ್‌ಬಾಗ್ ಬಂಡೆ ಅದೇ. ಶಿಸ್ಟ್‌ನಷ್ಟು ಸುಲಭವಾಗಿ ಸೀಳುವುದಿಲ್ಲ, ಪಟ್ಟೆ ಪಟ್ಟೆ ಇರುತ್ತದೆ. ಮರಡಿಹಳ್ಳಿಗೆ ಹೋಗುವುದಾದರೆ ಮಗಳನ್ನು ಬೆಳಿಗ್ಗೆ ಬೇಗ ಕರೆದುಕೊಂಡು ಹೋಗಿ, ಅಲ್ಲಿ ನೆರಳಿಲ್ಲ. ಸುತ್ತಿಗೆ ಮಾತ್ರ ಮನೆಯಲ್ಲೇ ಇಟ್ಟು ಹೋಗಿ, ಸ್ಮಾರಕದ ಕಲ್ಲು ಒಡೆಯುವ ಹಾಗಿಲ್ಲ.